ಮೊದಲು ಆಸ್ಪತ್ರೆ: ದೌರ್ಜನ್ಯಕ್ಕೊಳಗಾದ ಮಗಳ ಜೊತೆ ನಾವು ಹೇಗೆ ನಿಲ್ಲಬೇಕು?

ಪ್ರವಾದಿ(ಸ)ರ ಕಾಲದಲ್ಲಿ ಮದೀನಾದಲ್ಲಿ ನಡೆದ ಒಂದು ಘಟನೆಯನ್ನು ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಗ್ರಂಥಗಳು ದಾಖಲಿಸಿವೆ. ನಮಾಝ್‌ಗೆಂದು ಹೊರಟಿದ್ದ ಮಹಿಳೆಯೊಬ್ಬರ ಮೇಲೆ ದಾರಿಯಲ್ಲಿ ಒಬ್ಬಾತ ಬಲಾತ್ಕಾರ ಮಾಡಿ ಓಡಿಹೋದ. ಅವರು ಕೂಗಿಕೊಂಡರು. ಜನ ಓಡಿಬಂದರು. ಅದೇ ದಾರಿಯಲ್ಲಿದ್ದ ಒಬ್ಬನನ್ನು ಹಿಡಿದು ಪ್ರವಾದಿ(ಸ)ರ ಮುಂದೆ ನಿಲ್ಲಿಸಿದರು. ಆತನ ಮೇಲೆ ತೀರ್ಪಾಗುವ ಹೊತ್ತಿಗೆ ನಿಜವಾದ ಅಪರಾಧಿ ಎದ್ದು ನಿಂತು ತಪ್ಪೊಪ್ಪಿಕೊಂಡ. ಪ್ರವಾದಿ(ಸ) ಆ ಮಹಿಳೆಗೆ ಅಲ್ಲಾಹನ ಕ್ಷಮೆಯಿದೆ ಎಂದು ತಿಳಿಸಿ ಕಳುಹಿಸಿದರು. ತಪ್ಪಾಗಿ ಹಿಡಿಯಲ್ಪಟ್ಟವನಿಗೂ ಸಾಂತ್ವನದ ಮಾತು ಹೇಳಿದರು.

ಈ ಘಟನೆಯಲ್ಲಿ ನಾವು ಗಮನಿಸಬೇಕಾದ ನಾಲ್ಕು ವಿಷಯಗಳಿವೆ. ಆ ಮಹಿಳೆ ಮೌನವಾಗಿರಲಿಲ್ಲ. ಜನ ಬಾಗಿಲು ಹಾಕಿಕೊಳ್ಳಲಿಲ್ಲ. ಆ ಹೊತ್ತಿನಲ್ಲಿ ಯಾಕೆ ಒಬ್ಬಳೇ ಹೊರಟೆ ಎಂದು ಯಾರೂ ಅವರನ್ನು ಕೇಳಲಿಲ್ಲ. ನಾಲ್ಕನೆಯದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ: ಆತುರದಲ್ಲಿ ಒಬ್ಬ ನಿರಪರಾಧಿ ಶಿಕ್ಷೆಯ ಅಂಚಿಗೆ ಬಂದಿದ್ದ. ಅಂದರೆ, ನೊಂದವರ ಮಾತಿಗೆ ಕಿವಿಗೊಡುವುದು ಎಷ್ಟು ಮುಖ್ಯವೋ ನಿಜವಾದ ಅಪರಾಧಿ ಯಾರೆಂದು ಸಾಕ್ಷ್ಯದಿಂದ ತಿಳಿಯುವುದೂ ಅಷ್ಟೇ ಮುಖ್ಯ. ಇಂದು ಆ ಸಾಕ್ಷ್ಯ ಹೆಚ್ಚಾಗಿ ಸಿಗುವುದು ಆಸ್ಪತ್ರೆಯಲ್ಲಿ, ಅದೂ ಮೊದಲ ಮೂರು ನಾಲ್ಕು ದಿನಗಳ ಒಳಗೆ.

ಶಿವಮೊಗ್ಗ ಮತ್ತು ಭದ್ರಾವತಿಯ ನಮ್ಮ ಕುಟುಂಬಗಳು ಆ ಮೂರು ನಾಲ್ಕು ದಿನಗಳಲ್ಲಿ ಏನು ಮಾಡಬೇಕು, ಆಸ್ಪತ್ರೆ ಮತ್ತು ಪೊಲೀಸರಿಂದ ಏನನ್ನು ಹಕ್ಕಾಗಿ ಕೇಳಬಹುದು, ಈ ಸೇವೆಗಳು ಸುಧಾರಿಸಲು ನಮ್ಮ ಜಮಾಅತ್‌ಗಳು ಏನು ಮಾಡಬಹುದು ಎಂಬುದನ್ನು ತಿಳಿಸಲು ಈ ಲೇಖನ.

ಮೌನ ಯಾರನ್ನು ಕಾಪಾಡುತ್ತದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ. ಶೇ. 77 ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಪೊಲೀಸರಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಮೊದಲೇ ಪರಿಚಿತರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷವರ್ಷವೂ ಹೇಳುತ್ತಿವೆ. ಅಪರಾಧಿ ಕತ್ತಲಲ್ಲಿ ಅಡಗಿ ಕುಳಿತ ಅಪರಿಚಿತನೇ ಆಗಬೇಕಿಲ್ಲ. ಆತ ನೆರೆಮನೆಯವನು, ಸಂಬಂಧಿ, ಕೆಲಸದ ಕಡೆಯವನು, ಪಾಠ ಹೇಳುವವನು ಆಗಿರಬಹುದು.

ಆದ್ದರಿಂದಲೇ ಮನೆಯಲ್ಲಿ ಮೊದಲು ಬರುವ ಮಾತು ಇಜ್ಜತ್‌ನದು. ಹೊರಗೆ ಗೊತ್ತಾದರೆ ಮಗಳ ಮದುವೆಯ ಗತಿಯೇನು? ಅಣ್ಣತಮ್ಮಂದಿರು ಏನಾದರೂ ಮಾಡಿಕೊಂಡರೆ? ಈ ಭಯ ಸುಳ್ಳಲ್ಲ. ಕೆಲವರು ಇನ್ನೊಬ್ಬರ ದೋಷವನ್ನು ಮುಚ್ಚಿಡುವುದು ಪುಣ್ಯವೆಂಬ ಹದೀಸನ್ನೂ ಇಲ್ಲಿಗೆ ತರುತ್ತಾರೆ. ಆದರೆ ಇದು ಒಬ್ಬರ ಖಾಸಗಿ ದೋಷವಲ್ಲ, ಇನ್ನೊಬ್ಬರ ಮೇಲೆ ನಡೆದ ಝುಲ್ಮ್. ಝಾಲಿಮನಿಗೂ ಸಹಾಯ ಮಾಡಿ, ಹೇಗೆಂದರೆ ಅವನ ಕೈಯನ್ನು ತಡೆದು ಎಂಬುದು ಪ್ರವಾದಿ(ಸ)ರ ಬೋಧನೆ. ಸ್ವಂತ ತಂದೆತಾಯಿ, ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಪರ ನಿಲ್ಲಬೇಕೆಂದು ಸೂರಾ ಅನ್ನಿಸಾದ 135ನೇ ವಚನ ಆಜ್ಞಾಪಿಸುತ್ತದೆ. ಬಲವಂತಕ್ಕೊಳಗಾದ ಸ್ತ್ರೀಯರಿಗೆ ಅಲ್ಲಾಹನ ಕರುಣೆಯಿದೆ ಎಂದು ಸೂರಾ ಅನ್ನೂರ್ ತಿಳಿಸುತ್ತದೆ. ನಾಚಿಕೆ ಪಡಬೇಕಾದವನು ಮಾಡಿದವನು. ನಾವು ಸುಮ್ಮನಿದ್ದರೆ ಅದರಿಂದ ಕಾಪಾಡಲ್ಪಡುವವನೂ ಅವನೇ.

ಮೊದಲು ಆಸ್ಪತ್ರೆ ಯಾಕೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಭದ್ರಾವತಿಯ ಒಂದು ಮನೆ. ರಾತ್ರಿ ಹತ್ತು ಗಂಟೆಗೆ ಮಗಳು ಅಮ್ಮಿಯ ಹತ್ತಿರ ಬಾಯಿಬಿಡುತ್ತಾಳೆ. ಅಮ್ಮಿಗೆ ಮೊದಲು ತೋಚುವುದು ಮಗಳಿಗೆ ಸ್ನಾನ ಮಾಡಿಸಿ, ಆ ಬಟ್ಟೆಯನ್ನು ಒಗೆದು ಹಾಕುವುದು ಅಥವಾ ಸುಟ್ಟುಬಿಡುವುದು. ಅದು ತಾಯಿಯ ಕರುಳು. ಆದರೆ ಆ ಒಂದು ಬಕೆಟ್ ನೀರಿನಲ್ಲಿ ಬಹಳಷ್ಟು ಸಾಕ್ಷ್ಯ ಕೊಚ್ಚಿಹೋಗುತ್ತದೆ.

ಸಾಧ್ಯವಾದರೆ ಸ್ನಾನ ಮಾಡದೆ, ಬಾಯಿ ತೊಳೆಯದೆ, ಬಟ್ಟೆ ಬದಲಿಸದೆ ಆಸ್ಪತ್ರೆಗೆ ಹೊರಡಬೇಕು. ಬಟ್ಟೆ ಬದಲಿಸಿಯಾಗಿದ್ದರೆ ಆ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಟ್ಟು ಒಯ್ಯಬೇಕು. ಪ್ಲಾಸ್ಟಿಕ್ ಕವರ್ ಬೇಡ, ಅದರೊಳಗಿನ ತೇವದಿಂದ ಕಲೆಗಳು ಹಾಳಾಗುತ್ತವೆ. ಮೊಬೈಲ್‌ನಲ್ಲಿರುವ ಮೆಸೇಜ್, ಕರೆಗಳ ಪಟ್ಟಿ, ಫೋಟೋಗಳನ್ನು ಅಳಿಸಬಾರದು. ಇನ್ನು, ಸ್ನಾನವಾಗಿದ್ದರೆ, ಬಟ್ಟೆ ಒಗೆದಾಗಿದ್ದರೆ, ಎರಡು ದಿನ ಕಳೆದಿದ್ದರೆ? ಆಗಲೂ ಹೋಗಲೇಬೇಕು. ಎಲ್ಲ ಮುಗಿದುಹೋಯಿತು ಎಂದು ಕೈಚೆಲ್ಲಬಾರದು. ಯಾಕೆಂದರೆ ಆಸ್ಪತ್ರೆಗೆ ಹೋಗುವುದು ಸಾಕ್ಷ್ಯಕ್ಕಾಗಿ ಮಾತ್ರವಲ್ಲ, ಮಗಳ ಆರೋಗ್ಯಕ್ಕಾಗಿ.

ಇಲ್ಲಿ ಗಡಿಯಾರ ಓಡುತ್ತಿರುತ್ತದೆ. ಎಚ್‌ಐವಿ ಸೋಂಕು ತಡೆಯುವ ಔಷಧವನ್ನು 72 ಗಂಟೆಗಳ ಒಳಗೆ ಆರಂಭಿಸಬೇಕು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಆಮೇಲೆ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ 72 ಗಂಟೆಗಳ ಒಳಗೆ ಹೆಚ್ಚು ಪರಿಣಾಮಕಾರಿ, ಐದು ದಿನಗಳವರೆಗೂ ವೈದ್ಯರು ಕೊಡಬಹುದು. ಹೆಪಟೈಟಿಸ್-ಬಿ ಲಸಿಕೆ, ಟಿಟಿ ಇಂಜೆಕ್ಷನ್, ಲೈಂಗಿಕ ಸೋಂಕುಗಳಿಗೆ ಔಷಧ, ಗಾಯಗಳಿಗೆ ಚಿಕಿತ್ಸೆ ಇವೆಲ್ಲ ಅದೇ ಭೇಟಿಯಲ್ಲಿ ಸಿಗಬೇಕು. ದೇಹದಿಂದ ಮಾದರಿಗಳನ್ನು ಸಂಗ್ರಹಿಸಲು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ 96 ಗಂಟೆಗಳ ಗಡಿ ಹಾಕಿದೆ.

ಈಗ ಎಲ್ಲ ಮನೆಗಳಿಗೂ ಗೊತ್ತಿರಬೇಕಾದ ಮಾತು: ಆಸ್ಪತ್ರೆಗೆ ಹೋಗಲು ಎಫ್‌ಐಆರ್ ಬೇಕಿಲ್ಲ, ಪೊಲೀಸರ ಚೀಟಿ ಬೇಕಿಲ್ಲ. ನೇರವಾಗಿ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಪ್ರಕಾರ, ಸರ್ಕಾರಿ ಇರಲಿ ಖಾಸಗಿ ಇರಲಿ, ಯಾವುದೇ ಆಸ್ಪತ್ರೆ ಅತ್ಯಾಚಾರ ಸಂತ್ರಸ್ತರಿಗೂ ಪೋಕ್ಸೋ ಕಾಯ್ದೆಯಡಿ ಬರುವ ಮಕ್ಕಳಿಗೂ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುತ್ತಾರೆ, ಅದು ಅವರ ಕರ್ತವ್ಯ. ಆದರೆ ವಯಸ್ಕ ಮಹಿಳೆಗೆ ಆ ಗಳಿಗೆಯಲ್ಲಿ ಕೇಸು ಬೇಡವೆನಿಸಿದರೆ ಅದನ್ನು ಬರೆದುಕೊಂಡು ಚಿಕಿತ್ಸೆ ಮುಂದುವರಿಸಬೇಕು. ದೂರು ಕೊಟ್ಟರೆ ಮಾತ್ರ ಔಷಧ ಎನ್ನುವಂತಿಲ್ಲ.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯೆಂದರೆ ಶಿವಮೊಗ್ಗ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್. ಭದ್ರಾವತಿಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಎರಡೂ ಊರುಗಳ ನಡುವೆ ಸುಮಾರು 20 ಕಿ.ಮೀ. ದೂರ. ಹಗಲು ಹೊತ್ತು ಇದು ಅರ್ಧ ಗಂಟೆಯ ದಾರಿ. ರಾತ್ರಿ ಗಾಬರಿಯಲ್ಲಿರುವ ಒಂದು ಕುಟುಂಬಕ್ಕೆ ಇದೇ ದೊಡ್ಡ ದೂರ. ಅಂಥ ಹೊತ್ತಿನಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಿ ಮೊದಲ ಚಿಕಿತ್ಸೆ, ಮೊದಲ ಮಾತ್ರೆ ಪಡೆಯಿರಿ. ಮುಂದಕ್ಕೆ ಕಳುಹಿಸುವುದಾದರೆ 108 ಆಂಬ್ಯುಲೆನ್ಸ್ ಮತ್ತು ಲಿಖಿತ ಚೀಟಿ ಕೇಳಿ.

ಪರೀಕ್ಷೆಯ ಕೊಠಡಿಯಲ್ಲಿ

ತಾಯಂದಿರಿಗೆ ಹೆಚ್ಚು ಭಯ ಇರುವುದು ಈ ಕೊಠಡಿಯ ಬಗ್ಗೆ. ಆದ್ದರಿಂದ ನಿಯಮಗಳನ್ನು ತಿಳಿದಿರಿ.

ಒಪ್ಪಿಗೆಯಿಲ್ಲದೆ ಪರೀಕ್ಷೆ ಇಲ್ಲ. 12 ವರ್ಷ ತುಂಬಿದವರ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು, ಅದಕ್ಕಿಂತ ಚಿಕ್ಕವರದ್ದನ್ನು ಹೆತ್ತವರಿಂದ. ಒಂದು ಭಾಗಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡವೆನ್ನಬಹುದು, ನಡುವೆ ನಿಲ್ಲಿಸಿ ಎನ್ನಬಹುದು. ಬೇಡವೆಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಬಾರದು. ಪೋಕ್ಸೋ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ಆಗ ತಂದೆತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ವಯಸ್ಕರಿಗೂ ವೈದ್ಯೆಯನ್ನೇ ಕೇಳಿ. ಆ ಹೊತ್ತಿಗೆ ವೈದ್ಯೆ ಸಿಗದಿದ್ದರೆ ಮಹಿಳಾ ಸಿಬ್ಬಂದಿಯ ಸಮ್ಮುಖದಲ್ಲಿ ವೈದ್ಯರು ಪರೀಕ್ಷಿಸಬಹುದು. ಪರದೆಯ ಕಾರಣಕ್ಕೆ ಚಿಕಿತ್ಸೆಯನ್ನೇ ಬಿಡಬೇಡಿ. ಅಗತ್ಯದ ಸಂದರ್ಭದಲ್ಲಿ ಪುರುಷ ವೈದ್ಯರ ಚಿಕಿತ್ಸೆಗೆ ಧರ್ಮಶಾಸ್ತ್ರದಲ್ಲಿ ಅನುಮತಿಯಿದೆ.

"ಎರಡು ಬೆರಳಿನ ಪರೀಕ್ಷೆ" ಎಂಬ ಹಳೆಯ ಅವಮಾನಕರ ಪದ್ಧತಿಯನ್ನು ಯಾರೂ ಮಾಡುವಂತಿಲ್ಲ. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಸ್ಪಷ್ಟವಾಗಿ ಹೇಳಿದೆ. ಮೈಮೇಲೆ ಗಾಯವಿಲ್ಲದಿದ್ದರೆ ಏನೂ ನಡೆದಿಲ್ಲ ಎಂದು ಅರ್ಥವಲ್ಲ. ಭಯದಿಂದ ಮರಗಟ್ಟಿದವರ ಮೈಮೇಲೆ ಗಾಯ ಇರಲೇಬೇಕೆಂದಿಲ್ಲ.

ತಡವಾಗಿ ಗರ್ಭ ನಿಂತದ್ದು ತಿಳಿದರೆ, ಕಾನೂನಿನ ಪ್ರಕಾರ 20 ವಾರಗಳವರೆಗೆ ಒಬ್ಬ ವೈದ್ಯರ, 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಈ ವಿಷಯದಲ್ಲಿ ಉಲಮಾಗಳ ನಡುವೆ ಚರ್ಚೆಯಿದೆ, ಹಲವರು 120 ದಿನಗಳ ಗಡಿಯನ್ನು ಮುಖ್ಯವಾಗಿ ಪರಿಗಣಿಸುತ್ತಾರೆ. ಎರಡೂ ಕಡೆಯಿಂದ ನೋಡಿದರೂ ಮುಚ್ಚಿಟ್ಟು ಕಾಲ ಕಳೆಯುವುದರಿಂದ ದಾರಿಗಳು ಕಡಿಮೆಯಾಗುತ್ತಾ ಹೋಗುತ್ತವೆ.

ಮನಸ್ಸಿನ ಗಾಯಕ್ಕೂ ಚಿಕಿತ್ಸೆ ಬೇಕು. ನಿದ್ದೆಯಿಲ್ಲದಿರುವುದು, ಬೆಚ್ಚಿಬೀಳುವುದು, ಮಾತು ಬಿಡುವುದು, ಶಾಲೆಗೆ ಹೋಗಲು ಒಲ್ಲೆ ಎನ್ನುವುದು ಹಟವೂ ಅಲ್ಲ, ಜಿನ್ನಿನ ಕಾಟವೂ ಅಲ್ಲ. ದುಆ ಮಾಡಿ, ಜೊತೆಗೆ ಆಪ್ತಸಮಾಲೋಚಕರ ಬಳಿಯೂ ಕರೆದೊಯ್ಯಿರಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಮಾತಾಡಬಹುದು.

ಠಾಣೆಯಲ್ಲಿ

ಘಟನೆ ನಡೆದದ್ದು ಶಿವಮೊಗ್ಗ ಬಸ್ ನಿಲ್ದಾಣದ ಹತ್ತಿರ, ಮನೆ ಭದ್ರಾವತಿಯ ಪೇಪರ್ ಟೌನ್ ಎಂದುಕೊಳ್ಳಿ. ಯಾವ ಠಾಣೆಗೆ ಹೋಗಬೇಕು? ಯಾವುದಕ್ಕಾದರೂ ಹೋಗಬಹುದು. ನಮ್ಮ ವ್ಯಾಪ್ತಿಯಲ್ಲ ಎಂದು ಹೇಳಿ ವಾಪಸ್ ಕಳುಹಿಸುವಂತಿಲ್ಲ. ದೂರನ್ನು "ಝೀರೋ ಎಫ್‌ಐಆರ್" ಆಗಿ ದಾಖಲಿಸಿ ಆಯಾ ಠಾಣೆಗೆ ಅವರೇ ಕಳುಹಿಸಬೇಕು. ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೀಗೆ ಹೇಳುತ್ತದೆ. ಸಂತ್ರಸ್ತೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ತಕ್ಷಣ, ಉಚಿತವಾಗಿ ಕೊಡಬೇಕು. ಪ್ರತಿ ಕೈಗೆ ಬರದೆ ಠಾಣೆಯಿಂದ ಎದ್ದು ಬರಬೇಡಿ.

ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಅಂಚೆಯಲ್ಲಿ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ಇಂಥ ಅಪರಾಧದ ದೂರನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಸೆಕ್ಷನ್ ಅಡಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಕಠಿಣ ಸಜೆಯಿದೆ. ಇದನ್ನು ಜಗಳವಾಡಲು ಬಳಸಬೇಡಿ, ವಿನಯದಿಂದ ನೆನಪಿಸಲು ಬಳಸಿ.

ಅತ್ಯಾಚಾರ ಸಂತ್ರಸ್ತೆಯ ಹೇಳಿಕೆಯನ್ನು ಆಕೆಯ ಮನೆಯಲ್ಲಿ ಅಥವಾ ಆಕೆ ಹೇಳಿದ ಜಾಗದಲ್ಲಿ, ಪೋಷಕರ ಅಥವಾ ಹತ್ತಿರದ ಸಂಬಂಧಿಯ ಸಮ್ಮುಖದಲ್ಲಿ ಪಡೆಯಬೇಕು. ಮಕ್ಕಳ ವಿಷಯದಲ್ಲಿ ಪೊಲೀಸರು ಸಮವಸ್ತ್ರದಲ್ಲಿ ಬರಬಾರದು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಲೇಬಾರದು. ಪೊಲೀಸರಿಗೆ ಮಾಹಿತಿ ಸಿಕ್ಕ 24 ಗಂಟೆಗಳ ಒಳಗೆ ಅತ್ಯಾಚಾರ ಸಂತ್ರಸ್ತೆಯನ್ನು ವೈದ್ಯಕೀಯ ಪರೀಕ್ಷೆಗೆ ಕಳುಹಿಸಬೇಕು, ವೈದ್ಯರು ಏಳು ದಿನಗಳಲ್ಲಿ ವರದಿ ಕೊಡಬೇಕು. ಅತ್ಯಾಚಾರ ಮತ್ತು ಪೋಕ್ಸೋದ ಗಂಭೀರ ಪ್ರಕರಣಗಳ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನಗಳ ಒಳಗೆ ಕುಟುಂಬಕ್ಕೆ ತಿಳಿಸಬೇಕು.

ಗಂಡುಮಕ್ಕಳಿಗೂ ಇದು ಅನ್ವಯಿಸುತ್ತದೆ. ಪೋಕ್ಸೋ ಕಾಯ್ದೆ ಹುಡುಗ, ಹುಡುಗಿ ಎಂಬ ಭೇದ ಮಾಡುವುದಿಲ್ಲ. ಶಾಲೆ, ಮದ್ರಸ, ಹಾಸ್ಟೆಲ್, ಟ್ಯೂಷನ್ ಎಲ್ಲಿಯೇ ಆಗಲಿ, ಮಗ ಹೇಳಿದ ಮಾತನ್ನು ತಮಾಷೆಯೆಂದು ತಳ್ಳಿಹಾಕಬೇಡಿ.

ಸಖಿ ಕೇಂದ್ರ: ಒಂದೇ ಸೂರಿನಡಿ

ನೊಂದವರು ಒಂದೇ ಕತೆಯನ್ನು ವೈದ್ಯರಿಗೆ, ಪೊಲೀಸರಿಗೆ, ವಕೀಲರಿಗೆ, ಮತ್ತೆ ಇನ್ನೊಬ್ಬ ವೈದ್ಯರಿಗೆ ಹೇಳಿ ಹೇಳಿ ಸೋಲುತ್ತಾರೆ. ಈ ಕಷ್ಟಕ್ಕೆ ದಾರಿ ಹುಡುಕಿದ ಮೊದಲಿಗರಲ್ಲಿ ಮಲೇಷ್ಯಾ ಒಂದು. 1990ರ ದಶಕದಲ್ಲಿ ಕ್ವಾಲಾಲಂಪುರದ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲೇ ವೈದ್ಯರು, ಪೊಲೀಸರು, ಸಮಾಲೋಚಕರು ಎಲ್ಲರೂ ಸಂತ್ರಸ್ತೆ ಇದ್ದಲ್ಲಿಗೇ ಬರುವ ವ್ಯವಸ್ಥೆ ಆರಂಭವಾಯಿತು. ನಮ್ಮ ದೇಶದಲ್ಲಿ 2000ದಲ್ಲಿ ಮುಂಬೈನ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಹಿಂಸೆಗೊಳಗಾದ ಮಹಿಳೆಯರಿಗಾಗಿ ಒಂದು ವಿಭಾಗ ಶುರುವಾಯಿತು. ಅದರ ಹೆಸರು "ದಿಲಾಸಾ". ಈ ಪದದ ಅರ್ಥವನ್ನು ನಮ್ಮ ಮನೆಗಳಲ್ಲಿ ಬಿಡಿಸಿ ಹೇಳಬೇಕಿಲ್ಲ.

2015ರಿಂದ ಕೇಂದ್ರ ಸರ್ಕಾರ ಜಿಲ್ಲೆಗಳಲ್ಲಿ "ಸಖಿ" ಒನ್ ಸ್ಟಾಪ್ ಸೆಂಟರ್‌ಗಳನ್ನು ತೆರೆಯುತ್ತಾ ಬಂದಿದೆ. ಚಿಕಿತ್ಸೆಗೆ ನೆರವು, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತಸಮಾಲೋಚನೆ, ಐದು ದಿನಗಳವರೆಗೆ ತಂಗಲು ಜಾಗ, ಎಲ್ಲವೂ ಉಚಿತ. 181ಕ್ಕೆ ಕರೆ ಮಾಡಿದರೆ ನಮ್ಮ ಜಿಲ್ಲೆಯ ಕೇಂದ್ರಕ್ಕೆ ಸಂಪರ್ಕ ಕೊಡಿಸುತ್ತಾರೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಪರಿಹಾರಕ್ಕೂ ಅಲ್ಲಿಯೇ ಅರ್ಜಿ ಹಾಕಬೇಕು. 2018ರ ನಾಲ್ಸಾ ಯೋಜನೆಯಲ್ಲಿ ಅತ್ಯಾಚಾರಕ್ಕೊಳಗಾದ ಮಹಿಳೆಗೆ 4ರಿಂದ 7 ಲಕ್ಷ ರೂಪಾಯಿ ಪರಿಹಾರ ನಿಗದಿಯಾಗಿದೆ. ಕೇಸು ಮುಗಿಯುವವರೆಗೆ ಕಾಯದೆ ಮಧ್ಯಂತರ ಪರಿಹಾರ ಕೇಳಬಹುದು.

ರಾಜಿ ಮಾಡಿಸುವ ಹಿರಿಯರಿಗೆ ಒಂದು ಮಾತು

ಗಂಡ ಹೆಂಡಿರ ಮನಸ್ತಾಪ, ಆಸ್ತಿಯ ತಕರಾರುಗಳಲ್ಲಿ ನಮ್ಮ ಹಿರಿಯರು ಎಷ್ಟೋ ಮನೆಗಳನ್ನು ಉಳಿಸಿದ್ದಾರೆ. ಆದರೆ ಅತ್ಯಾಚಾರ ರಾಜಿ ಮಾಡಬಹುದಾದ ತಕರಾರಲ್ಲ. ಕಾನೂನಿನಲ್ಲೂ ಇದು ರಾಜಿಯಾಗುವ ಅಪರಾಧವಲ್ಲ. ಇಂಥ ಪ್ರಕರಣಗಳಲ್ಲಿ ಮದುವೆಯನ್ನೋ ರಾಜಿಯನ್ನೋ ಸೂಚಿಸಬಾರದು ಎಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಲಯಗಳಿಗೇ ತಾಕೀತು ಮಾಡಿದೆ. ನ್ಯಾಯಾಧೀಶರಿಗೇ ಇಲ್ಲದ ಅಧಿಕಾರ ನಮಗೆ ಎಲ್ಲಿಂದ ಬಂತು?

ಮಗಳಿಗೆ 18 ತುಂಬಿಲ್ಲದಿದ್ದರೆ ಆರೋಪಿಯ ಜೊತೆ ನಿಕಾಹ್ ಮಾಡಿಸಿ ಮುಗಿಸುವುದು ಇನ್ನೊಂದು ಅಪರಾಧ. ಮಗುವಿನ ಮೇಲಿನ ದೌರ್ಜನ್ಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೂ ಪೋಕ್ಸೋ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅಪರಾಧ. ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು. ಮರುಕದಿಂದಲೇ ಆದರೂ ವಾಟ್ಸಾಪ್ ಗ್ರೂಪಿನಲ್ಲಿ ಹೆಸರು, ಫೋಟೋ, ಮನೆಯ ಗುರುತು ಹಾಕಬೇಡಿ.

ಹಿರಿಯರು ಮಾಡಬಹುದಾದ ಒಳ್ಳೆಯ ಕೆಲಸಗಳು ಬೇರೆ ಇವೆ. ರಾತ್ರಿ ಗಾಡಿ ಕೊಡಿ. ಆಸ್ಪತ್ರೆಯಲ್ಲಿ ಜೊತೆಗೆ ಕೂರಲು ಒಬ್ಬ ತಿಳಿದ ಆಪಾ ಅಥವಾ ಖಾಲಾರನ್ನು ಕಳುಹಿಸಿ. ಕೂಲಿ ತಪ್ಪಿದ ದಿನಗಳಲ್ಲಿ ಆ ಮನೆಗೆ ರೇಷನ್ ಮುಟ್ಟಿಸಿ. ಕೋರ್ಟಿನ ದಿನ ತಂದೆ ಒಬ್ಬಂಟಿಯಾಗದಂತೆ ನೋಡಿಕೊಳ್ಳಿ.

ನಮ್ಮೂರಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ರಾತ್ರಿ ಹನ್ನೊಂದು ಗಂಟೆಗೆ ತುರ್ತು ವಿಭಾಗದ ಬಾಗಿಲಲ್ಲಿ ಇರಬೇಕು. ಅದನ್ನು ನೋಡಿಕೊಳ್ಳುವುದು ನಾಗರಿಕರ ಕೆಲಸವೂ ಹೌದು. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಎಲ್ಲ ಸಮುದಾಯಗಳ ಮಹಿಳಾ ಸಂಘಟನೆಗಳ ಜೊತೆಗೂಡಿ ಸಮಿತಿಯ ಮುಂದೆ ಈ ಪ್ರಶ್ನೆಗಳನ್ನಿಡಬಹುದು:

1. ಎಚ್‌ಐವಿ ತಡೆಯುವ ಔಷಧ, ತುರ್ತು ಮಾತ್ರೆ ಮತ್ತು ಮಾದರಿ ಸಂಗ್ರಹಿಸುವ ಕಿಟ್ ರಾತ್ರಿ ಪಾಳಿಯಲ್ಲೂ, ಭಾನುವಾರವೂ ಸಿಗುತ್ತವೆಯೇ? ಬೀಗದ ಕೈ ಯಾರ ಬಳಿ ಇರುತ್ತದೆ?

2. ಪರೀಕ್ಷೆಗೆ ಬಾಗಿಲಿರುವ ಪ್ರತ್ಯೇಕ ಕೊಠಡಿ ಇದೆಯೇ? ಕರೆದರೆ ಬರುವ ವೈದ್ಯೆಯ ಪಟ್ಟಿ ಇದೆಯೇ?

3. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕಳುಹಿಸುವಾಗ ಮೊದಲ ಮಾತ್ರೆ ಕೊಟ್ಟು, ಜೊತೆಗೆ ಸಿಬ್ಬಂದಿಯೊಬ್ಬರನ್ನು ಕಳುಹಿಸುವ ಕ್ರಮವಿದೆಯೇ?

4. 2014ರ ಮಾರ್ಗಸೂಚಿಯ ಬಗ್ಗೆ ವೈದ್ಯರಿಗೆ, ದಾದಿಯರಿಗೆ ಕೊನೆಯ ಬಾರಿ ತರಬೇತಿ ಕೊಟ್ಟದ್ದು ಯಾವಾಗ?

5. ಠಾಣೆಗಳಲ್ಲಿ ಮಹಿಳಾ ಅಧಿಕಾರಿ ರಜೆಯಲ್ಲಿದ್ದಾಗ ಬದಲಿ ಯಾರು? ದಖ್ಖನಿ ಮಾತ್ರ ಬಲ್ಲ ಅಜ್ಜಿಯ ಹೇಳಿಕೆಯನ್ನು ಯಾರು ಬರೆದುಕೊಳ್ಳುತ್ತಾರೆ?

6. ಸಖಿ ಕೇಂದ್ರದ ಮತ್ತು 181ರ ಫಲಕ ಬಸ್ ನಿಲ್ದಾಣ, ಆಸ್ಪತ್ರೆ, ಶಾಲೆಗಳಲ್ಲಿ ಕಣ್ಣಿಗೆ ಬೀಳುತ್ತದೆಯೇ?

ಇವು ಯಾರನ್ನೂ ಆರೋಪಿಸುವ ಪ್ರಶ್ನೆಗಳಲ್ಲ. ಉತ್ತರ ಹೌದಾದರೆ ನಮ್ಮ ಸಂದೇಹ ತೀರಿತು, ಇಲ್ಲವಾದರೆ ಸರಿಪಡಿಸುವ ಕೆಲಸ ಶುರುವಾಯಿತು. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಬರೆದು ಕೇಳಬಹುದು.

ಮದೀನಾದ ಮಸೀದಿಯ ಅಂಗಳದಲ್ಲಿ ಗಾಯಾಳುಗಳಿಗಾಗಿ ಒಂದು ಡೇರೆ ಇತ್ತು. ಅಲ್ಲಿ ಶುಶ್ರೂಷೆ ಮಾಡುತ್ತಿದ್ದವರು ರುಫೈದಾ(ರ) ಎಂಬ ಮಹಿಳೆ. ಗಾಯಗೊಂಡವರನ್ನು ಮಸೀದಿಯಿಂದ ದೂರ ಇಡಲಿಲ್ಲ, ಮಸೀದಿಯೇ ಅವರಿಗೆ ಜಾಗ ಕೊಟ್ಟಿತು. ನಮ್ಮ ಮಸೀದಿಗಳ ಮಹಿಳಾ ವಿಭಾಗದ ಗೋಡೆಯ ಮೇಲೆ, ವುಝೂ ಮಾಡುವ ಜಾಗದ ಪಕ್ಕದಲ್ಲಿ, ಈ ಸಂಖ್ಯೆಗಳ ಒಂದು ಹಾಳೆ ಅಂಟಿಸಲು ಹತ್ತು ರೂಪಾಯಿಯೂ ಬೇಡ: ತುರ್ತು ಪೊಲೀಸ್ ನೆರವಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಆಂಬ್ಯುಲೆನ್ಸ್ 108, ಉಚಿತ ಕಾನೂನು ನೆರವು 15100.

ಈ ಹಾಳೆ ನಮ್ಮ ಯಾವ ಮನೆಗೂ ಎಂದೂ ಬೇಕಾಗದಿರಲಿ ಎಂದು ಅಲ್ಲಾಹನಲ್ಲಿ ದುಆ ಮಾಡೋಣ. ಆದರೆ ಯಾರ ಮಗಳಾದರೂ ಒಂದು ರಾತ್ರಿ ಬಾಯಿಬಿಟ್ಟು ಹೇಳಿಕೊಂಡರೆ, ನಮ್ಮ ಮೊದಲ ಮಾತು "ಯಾಕೆ ಹೋಗಿದ್ದೆ?" ಎಂದಾಗದಿರಲಿ. "ನಿನ್ನ ತಪ್ಪಿಲ್ಲ ಬೇಟಾ, ನಡೆ, ಆಸ್ಪತ್ರೆಗೆ ಹೋಗೋಣ, ನಾನಿದ್ದೇನೆ" ಎಂದಾಗಲಿ.